ಉಸಿರು ತುಂಬಿದ ಲೋಲಾಕು

"ಒಳ್ಳೇದಿದ್ರೆ ಒಳ್ಳೇದು ಅಂತ ಹೇಳು ಮಗಾ. ಗೊತ್ತಾಗದಿದ್ರೆ ಗೊತ್ತಾಗುದಿಲ್ಲ ಅಂತ ಹೇಳು. ಗೊತ್ತಿದ್ದೂ ಕೆಟ್ಟದು ಅಂತ ಮಾತ್ರ ಹೇಳ್ಬೇಡ," ಎಂದರು ಮರಿಯುಮ್ಮ. ಹಾಗೆ ಹೇಳುವಾಗ ಅವರು ಮೇಲೆ ತೂಗುತ್ತಿದ್ದ ಗಾಜನ್ನು ನೋಡಲಿಲ್ಲ.

ಗೌರೀಶಂಕರ ನಕ್ಕುಬಿಟ್ಟ. "ಎಂತ ಉಮ್ಮಾ, ಗಾಜಿಗೂ ಕಿವಿ ಉಂಟಾ?"

"ಕಿವಿ ಇಲ್ಲ. ಉಸಿರು ಉಂಟು."

ಮಂಜೇಶ್ವರದ ರೈಲು ಹಳಿಯ ಪಕ್ಕದಲ್ಲಿ ಮರಿಯುಮ್ಮನ ಮಗ ರಿಯಾಝ್ ಕಟ್ಟಿಸಿದ ಹೊಸ ಮನೆ ಅದು. ಒಳಗೆಲ್ಲ ಹಸಿ ಪೈಂಟಿನ ವಾಸನೆ, ಅದರ ಮೇಲೆ ಲೋಬಾನದ ಹೊಗೆ. ನಡುಮನೆಯ ಎತ್ತರದ ತಾರಸಿಯಿಂದ ದೊಡ್ಡದೊಂದು ಗಾಜಿನ ತೂಗುದೀಪ ಇಳಿಬಿದ್ದಿತ್ತು. ವಯರು ಇನ್ನೂ ಜೋಡಿಸಿರಲಿಲ್ಲ. ಕೋಝಿಕ್ಕೋಡಿನ ಹಳೆಯ ವ್ಯಾಪಾರಿಯೊಬ್ಬರ ಬಂಗಲೆ ಕೆಡಹುವಾಗ ರಿಯಾಝ್ ಅದನ್ನು ಕೊಂಡುತಂದಿದ್ದ. ದೀಪದ ಜೊತೆ ಒಂದು ಕತೆಯೂ ಬಂದಿತ್ತು. ಇದನ್ನು ಬಾಯಿಯಿಂದ ಊದಿ ಮಾಡಿದ ಕುಶಲಕರ್ಮಿಯ ಜೊತೆಗಾರನೇ, ಕೆಲಸದ ಬೆಲೆ ಚೆನ್ನಾಗಿ ಗೊತ್ತಿದ್ದೂ, ಮತ್ಸರಕ್ಕೆ ಅಗ್ಗದ ಅಚ್ಚಿನ ಮಾಲು ಎಂದು ಹೀಗಳೆದನಂತೆ. ಮರ್ಯಾದೆ ಕಳೆದುಕೊಂಡ ಕುಶಲಕರ್ಮಿ ಮಂತ್ರವಾದಿಯ ಕಾಲು ಹಿಡಿದನಂತೆ. ಗೊತ್ತಿದ್ದೂ ಹೀಗಳೆದವನ ಉಸಿರು ಈ ಗಾಜಿಗೆ ಸೇರಲಿ ಎಂದು ಮಾಟ ಮಾಡಿಸಿದನಂತೆ.

"ಇದು ಬಾಯಿಯಿಂದ ಊದಿದ್ದಾ, ಅಚ್ಚಿನದ್ದಾ, ನೀನೇ ಹೇಳ್ಬೇಕು ಗೌರಿ," ಎಂದ ರಿಯಾಝ್. "ನಿನ್ನ ಕಣ್ಣಿಗಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ ಮಾರಾಯ."

ಆ ಮಾತೇ ಗೌರೀಶಂಕರನಿಗೆ ಚುಚ್ಚಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಗಾಜು ನೋಡುವುದನ್ನು ರಿಯಾಝನಿಗೆ ಕಲಿಸಿದವನೇ ಗೌರೀಶಂಕರ. ರಿಯಾಝ್ ಶಾರ್ಜಾಕ್ಕೆ ಹೋಗಿ ಬಂದು ಅರಮನೆ ಕಟ್ಟಿದ. ಗೌರೀಶಂಕರ ಉಪ್ಪಳದ ತನ್ನ ಅಂಗಡಿಯಲ್ಲಿ ಅಚ್ಚಿನ ಲೈಟುಗಳ ಧೂಳು ಒರೆಸುತ್ತಲೇ ಉಳಿದ. ಒಂದೇ ಒಂದು ಅಸಲು ದೀಪ ತನ್ನದಾಗಬೇಕೆಂದು ಅವನು ಎಷ್ಟು ವರ್ಷ ಹಂಬಲಿಸಿದ್ದ!

ಏಣಿ ಹತ್ತಿದ. ಇದು ನಕಲಿಯಾಗಿರಲಿ ದೇವರೇ ಎಂದುಕೊಂಡೇ ಹತ್ತಿದ.

ನಕಲಿಯಾಗಿರಲಿಲ್ಲ. ದೀಪದ ಗಾಜಿನ ತೋಳುಗಳ ಮೇಲೆ ಬೆರಳೆಳೆದ. ಅಚ್ಚಿನ ಎರಡು ಹೋಳು ಕೂಡುವ ಗೆರೆ ಎಲ್ಲೂ ಸಿಗಲಿಲ್ಲ. ಒಂದು ತೋಳಿನಂತೆ ಇನ್ನೊಂದಿರಲಿಲ್ಲ, ಆದರೂ ಇಡೀ ದೀಪ ಕೂದಲೆಳೆಯಷ್ಟೂ ವಾಲದೆ ನಿಂತಿತ್ತು. ಗಾಜಿನೊಳಗೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ದೀಪದ ನಡುವಿನ ಬಟ್ಟಲಿನ ಅಡಿಯಲ್ಲಿ, ಮಾಡುವಾಗ ಅಂಟಿಸಿಕೊಂಡ ಕಬ್ಬಿಣದ ಸರಳಿನಿಂದ ಗಾಜನ್ನು ಬಿಡಿಸಿದ ಕಡೆ, ಉಜ್ಜಿ ನಯಗೊಳಿಸಿದ ಒಂದು ಕಲೆ. ಉಗುರಿನಿಂದ ಮೀಟಿದ. ನಾದ ಎದ್ದಿತು, ಬಹಳ ಹೊತ್ತು ನಿಂತಿತು. ಅಂಥ ಕೆಲಸವನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ.

ಎಲ್ಲಕ್ಕಿಂತ ಕೆಳಗೆ ಒಂದು ದೊಡ್ಡ ಗಾಜಿನ ಲೋಲಾಕು ತೂಗುತ್ತಿತ್ತು. ಒಳಗೆ ಟೊಳ್ಳು, ಸುತ್ತಲೂ ಮುಚ್ಚಿದ್ದು, ನಿಂಬೆಯ ಸಿಪ್ಪೆಯಷ್ಟು ತೆಳು. ಅದರೊಳಗೆ ಗಂಟು ಹಾಕಿದ ಒಂದು ತಲೆಕೂದಲಿತ್ತು. ಕುಲುಮೆಯ ಆ ಕಾವಿಗೆ ಕೂದಲು ಬೂದಿಯಾಗಿರಬೇಕಿತ್ತು. ಇದು ಸುಟ್ಟಿರಲಿಲ್ಲ.

ಹೇಗೆ ಸಾಧ್ಯ ಎಂದು ಯೋಚಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ಹೊಟ್ಟೆ ಧಗಧಗ ಉರಿಯುತ್ತಿತ್ತು. ಇಂಥದ್ದು ಇವನಿಗೇಕೆ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಕೆಳಗಿಳಿದು ಕೈಯ ಧೂಳು ಕೊಡವಿದ.

"ಅಚ್ಚಿನ ಮಾಲು ರಿಯಾಝ್. ಮೋಸ ಹೋದೆ ನೀನು."

ರಿಯಾಝನ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ಗೌರೀಶಂಕರನಿಗೆ ಸ್ವರ್ಗಕ್ಕೆ ಮೂರೇ ಗೇಣು ಎನಿಸಿತು. ಮಾರಿದವನಿಗೆ ಫೋನು ಮಾಡಲು ರಿಯಾಝ್ ಅಂಗಳಕ್ಕಿಳಿದ. ಮಗ್‌ರಿಬ್ ಬಾಂಗು ಮಸೀದಿಯಿಂದ ಕೇಳಿಸಿತು. ಮರಿಯುಮ್ಮ ಗೌರೀಶಂಕರನ ಮುಖವನ್ನೇ ಒಂದು ಗಳಿಗೆ ನೋಡಿ ನಮಾಝಿಗೆ ಒಳಗೆ ಹೋದರು.

ನಡುಮನೆಗೆ ಕತ್ತಲು ಇಳಿಯಿತು. ಲೋಬಾನದ ವಾಸನೆ ಆರಿ, ಕೂದಲು ಸುಟ್ಟ ಕಮಟು ಎಲ್ಲಿಂದಲೋ ಬಂತು. ಹಳಿಯ ಮೇಲೆ ರೈಲೊಂದು ಹಾದುಹೋಯಿತು. ತೂಗುದೀಪದ ಗಾಜುಗಳೆಲ್ಲ ಕಿಣಿಕಿಣಿ ಎಂದವು. ಕೆಳಗಿನ ದೊಡ್ಡ ಲೋಲಾಕು ಮಾತ್ರ ಅಲುಗಲಿಲ್ಲ.

ಗೌರೀಶಂಕರ ತಲೆಯೆತ್ತಿದ. ಲೋಲಾಕಿನ ಒಳಮೈ ಮಂಜುಗಟ್ಟಿತ್ತು. ನೋಡುತ್ತಿದ್ದಂತೆ ತಿಳಿಯಾಯಿತು. ಮತ್ತೆ ಮಂಜುಗಟ್ಟಿತು. ಸುತ್ತಲೂ ಮುಚ್ಚಿದ ಗಾಜು ಒಳಗಿನಿಂದ ಹೀಗೆ ಮಬ್ಬಾಗುವುದಿಲ್ಲ ಎಂಬುದನ್ನು ಅವನಷ್ಟು ಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಅವನ ಬೆನ್ನು ತಣ್ಣಗಾಯಿತು. ಅವನು ಉಸಿರು ಬಿಟ್ಟಾಗ ಗಾಜು ಮಬ್ಬಾಗುತ್ತಿತ್ತು. ಎಳೆದುಕೊಂಡಾಗ ತಿಳಿಯಾಗುತ್ತಿತ್ತು.

ಎಳೆದುಕೊಂಡ. ಗಾಳಿ ಬರಲಿಲ್ಲ.

ಮತ್ತೆ ಎಳೆದ. ಇಲ್ಲ. ಎದೆ ಬಿಗಿಯಿತು. ಬಾಗಿಲು ಎದುರಿಗೇ ಇತ್ತು. ಕಾಲು ಬರಲಿಲ್ಲ. ಕೂಗಿದ. ಸದ್ದಿಲ್ಲ. ಮೇಲೆ ಗಾಜು ಹಾಲಿನಂತೆ ಬೆಳ್ಳಗಾಗಿತ್ತು. ಅವನ ಉಸಿರೆಲ್ಲ ಅಲ್ಲಿತ್ತು. ಒಡೆದುಬಿಡಲೇ? ಏಣಿಯ ಪಕ್ಕದ ಸುತ್ತಿಗೆಗೆ ಕೈ ಹಾಕಿದ. ಕೈ ಹಾಕಿದವನು ಹೆದರಿದ. ಒಳಗಿರುವುದು ತನ್ನ ಉಸಿರು. ಗಾಜು ಒಡೆದರೆ ಅದು ಗಾಳಿಗೆ ಹೋಯಿತು. ತಾನೂ ಹೋದ. ಸುತ್ತಿಗೆ ಜಾರಿತು. ನೆಲಕ್ಕೆ ಬಿದ್ದ. ಕಣ್ಣು ಕತ್ತಲಾಯಿತು.

"ಅಸಲು..." ತುಟಿಯಷ್ಟೇ ಅಲುಗಿತು.

ಒಂದು ಎಳೆ ಗಾಳಿ ಒಳಗೆ ಬಂತು.

"ಅಸಲು. ಕೈಕೆಲಸ. ಒಳ್ಳೇದು. ಇಂಥದ್ದು ನಾನು ನೋಡಿಯೇ ಇಲ್ಲ." ಗಾಳಿ ಬಂತು. ಬಾಯಿ ಮುಚ್ಚಿದ. ಗಾಳಿ ನಿಂತಿತು.

ಮರಿಯುಮ್ಮ ಬಾಗಿಲಲ್ಲಿ ನಿಂತಿದ್ದರು. "ನಿಲ್ಲಿಸ್ಬೇಡ ಮಗಾ. ಹೇಳು. ಹೇಳ್ತಾ ಇರು."

ಅಂದಿನಿಂದ ಅವನು ಹೇಳುತ್ತಲೇ ಇದ್ದಾನೆ. ಎದೆಗೆ ಎಂತದೂ ಆಗಿಲ್ಲ ಎಂದರು ಕಾಸರಗೋಡಿನ ಡಾಕ್ಟರು. ಅಂಗಡಿಗೆ ಬಂದವರು ಬಲ್ಬು ಕೇಳಿದರೂ ಅವನು ರಿಯಾಝನ ಮನೆಯ ದೀಪವನ್ನೇ ಹೊಗಳುತ್ತಾನೆ. ಊಟದ ನಡುವೆ, ಬಸ್ಸಿನಲ್ಲಿ, ಸಾವಿನ ಮನೆಯಲ್ಲೂ. ನಿದ್ದೆಯಲ್ಲೂ ಗೊಣಗುತ್ತಾನೆಂದು ಹೆಂಡತಿ ನಮಿತಾ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಹೊಗಳಿದಷ್ಟೂ ಅವನಿಗೆ ಮತ್ಸರ ಹೆಚ್ಚುತ್ತದೆ. ಮತ್ಸರ ಹೆಚ್ಚಿದಷ್ಟೂ ಉಸಿರು ಕಟ್ಟುತ್ತದೆ. ಆಗ ಇನ್ನಷ್ಟು ಹೊಗಳಬೇಕು. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಲೋಲಾಕಿನೊಳಗೆ ಈಗ ಎರಡು ಕೂದಲುಗಳಿವೆ. ಹೊಸದು ನರೆತದ್ದು, ಗೌರೀಶಂಕರನ ಕೂದಲಿನಂತೆಯೇ.

ಇಷ್ಟು ಹೊಗಳಿದರೆ ಮಾತು ಊರು ದಾಟದೆ ಇರುತ್ತದೆಯೇ? ಕೊಚ್ಚಿಯ ಹೋಟೆಲಿನವರೊಬ್ಬರು ದೀಪ ಕೊಳ್ಳಲು ಹುಡುಕಿಕೊಂಡು ಬಂದರು.

"ಬೇಡ ರಿಯಾಝ್, ಕೊಡ್ಬೇಡ. ಅದ್ಭುತ ಕೆಲಸ ಅದು. ಸಾಗಿಸುವಾಗ ಒಡೀತದೆ. ನನ್ನ ಜೀವ ಉಂಟು ಅದರಲ್ಲಿ," ಎಂದು ಗೌರೀಶಂಕರ ಕೈ ಮುಗಿದ.

"ಉಮ್ಮನಿಗೆ ಇದರ ಕೆಳಗೆ ನಡೀಲಿಕ್ಕೆ ಹೆದರಿಕೆ ಗೌರಿ. ನನಗೂ ಅಷ್ಟೇ. ಇದು ಮನೆಯಿಂದ ಹೋದ್ರೆ ಸಾಕು," ಎಂದ ರಿಯಾಝ್, ಅವನ ಕಣ್ಣು ತಪ್ಪಿಸಿ. "ಅವರನ್ನು ಕರೆಸಿದ್ದಾದ್ರೂ ನಿನ್ನ ಬಾಯಿಯೇ ಅಲ್ವಾ?"

ದೀಪ ಇಳಿಸಲು ಬಂದ ಎಲೆಕ್ಟ್ರಿಷಿಯನ್ ಮುದ್ದಣ್ಣ ಏಣಿ ಹತ್ತಿ ಕೊಕ್ಕೆ ಬಿಚ್ಚಿದ. ಇಡೀ ದೀಪ ಈಗ ಒಂದು ಹಗ್ಗದ ಮೇಲೆ ನಿಂತಿತ್ತು. "ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ತಲೆಗೆ ಬಿದ್ರೆ ಕಷ್ಟ!"

ಗೌರೀಶಂಕರ ಆಚೆ ನಿಲ್ಲಲಿಲ್ಲ. ದೂರದಲ್ಲಿ ರೈಲು ಕೂಗಿತು. ನೆಲ ಸಣ್ಣಗೆ ನಡುಗಿತು. ಮೇಲೆ ಗಾಜುಗಳು ಒಂದೊಂದಾಗಿ ಕಿಣಿಕಿಣಿ ಎನ್ನತೊಡಗಿದವು. ಈ ಸಲ ಕೆಳಗಿನ ಲೋಲಾಕೂ ಅಲುಗಿತು.

ಅವನು ಎರಡೂ ಅಂಗೈಗಳನ್ನು ಅದರ ಕೆಳಗೆ ಒಡ್ಡಿ ನಿಂತ. ಹೊಗಳುತ್ತಲೇ ಇದ್ದ.