ಕಿಡಿ ಆರಿಸಿದ ಮಣಿ

ತೋಳಿನ ಚರ್ಮದಡಿ ಜೋಳದ ಕಾಳಿನಷ್ಟಿದ್ದ ಮಣಿ ಹಸಿರಾಗಿ ಮಿನುಗಿತು. ಬೆಳಗಿನಿಂದ ಬೈಠಕ್ ಹೊಡೆದಿದ್ದ ನೀಲವ್ವ ಸಿಳ್ಳೆ ಹಾಕುತ್ತ ಅಖಾಡದಿಂದ ಎದ್ದು ಬಂದಳು. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದನೂ ಅವಳ ಅಪ್ಪನೂ ಆದ ಫಕೀರಪ್ಪ, ಮಣಿಯನ್ನು ತಾನೇ ಕಂಡುಹಿಡಿದವನಂತೆ ಮೀಸೆ ತಿರುವಿದ.

ಕಂಡುಹಿಡಿದವರು ಧಾರವಾಡದ ಡಾಕ್ಟರ್ ವಿಶಾಲಾಕ್ಷಿ. "ಕಸರತ್ತಿನಾಗ ಸ್ನಾಯು ಆಮ್ಲಜನಕ ಹೆಚ್ಚು ಉರಿಸ್ತದ ವಸ್ತಾದರ, ಕಿಡಿ ಹಾರ್ತಾವ, ಮೈ ನೋಯ್ತದ. ಅದಕ್ಕ ಉತ್ಕರ್ಷಣದ ಒತ್ತಡ ಅಂತೀವಿ. ನೆಲ್ಲಿ, ನೇರಳೆಯೊಳಗಿನ ಉತ್ಕರ್ಷಣರೋಧಕಗಳು ಆ ಕಿಡಿ ಆರಿಸ್ತಾವ. ಈ ಮಣಿ ಅವುಗಳ ಸಾರ ಆಗಿಂದಾಗ ರಕ್ತಕ್ಕ ಬಿಡ್ತದ," ಎಂದು ವಿವರಿಸಿದ್ದರು.

"ರಾತ್ರಿ ಹುಡುಗಿ ನರಳೂದು ನಿಲ್ತದೇನ್ರಿ?" ಎಂದಷ್ಟೇ ಫಕೀರಪ್ಪ ಕೇಳಿದ್ದ. ಕಾಯಿಲೆಯಲ್ಲಿ ನರಳಿ ನರಳಿ ತೀರಿಹೋದ ಹೆಂಡತಿಯ ದನಿ ಮಗಳ ಗಂಟಲಲ್ಲಿ ಕೇಳಿಸಿದಾಗಲೆಲ್ಲ, ಆಳೆತ್ತರದ ಪೈಲ್ವಾನರನ್ನು ಎತ್ತಿ ಒಗೆದ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಮಣಿಯೊಂದೇ ಸಾಲದೆಂದು ದಿನವೂ ನೆಲ್ಲಿಕಾಯಿ ಮುರಬ್ಬಾ ತಿನ್ನಿಸಿದ, ನೇರಳೆ ರಸ ಕುಡಿಸಿದ. ವಸ್ತಾದ ಕೈಯಾರೆ ಕೊಟ್ಟದ್ದನ್ನು ಗರಡಿಯಲ್ಲಿ ಯಾರೂ ಬೇಡವೆನ್ನುವಂತಿಲ್ಲ. ಮಗಳಂತೂ ಮೊದಲೇ ಅನ್ನುವಂತಿಲ್ಲ.

ರಾಜ್ಯ ತಂಡದ ಆಯ್ಕೆಯ ದಿನ, ಹಿಂದಿನ ವರ್ಷ ತಾನು ಆಟವಾಡುತ್ತ ಚಿತ್ ಮಾಡಿದ್ದ ಹುಡುಗಿಯ ಕೈಯಲ್ಲಿ ನೀಲವ್ವ ಚಿತ್ ಆದಳು. ದಣಿವಿರಲಿಲ್ಲ, ನೋವಿರಲಿಲ್ಲ, ಬಲವೂ ಇರಲಿಲ್ಲ. ಕಿರಿಯರ ವಿಭಾಗದ ವಯಸ್ಸು ಅವಳಿಗೆ ಅಲ್ಲಿಗೇ ಮುಗಿಯಿತು.

ಡಾಕ್ಟರು ತಲೆ ತಗ್ಗಿಸಿ ಹೇಳಿದರು: "ಆ ಕಿಡಿ ಬರೇ ಸುಡೂದಿಲ್ಲರೀ. 'ಭಾರ ಬಿದ್ದದ, ಗಟ್ಟಿಯಾಗು' ಅಂತ ಸ್ನಾಯುವಿಗೆ ಸುದ್ದಿ ಮುಟ್ಟಸೂದೂ ಅದ. ನಾವು ಸುದ್ದಿ ತರಾಂವನ್ನ ಬಾಗಲದಾಗ ಹೊಡದು ಕೆಡವಿದ್ವಿ. ಹಣ್ಣು ಹಿತಮಿತವಾಗಿ ತಿನ್ನಲಿ. ಮಣಿ ಬ್ಯಾಡ."

"ಅಂದ್ರ ನನ್ನ ಮಗಳು ನರಳಿದ್ರನ ಗಟ್ಟಿ ಆಗೂದೇನ್ರಿ?"

ನೀಲವ್ವಳೇ ತೋಳು ಚಾಚಿದಳು. "ತಗೀರಿ ಮೇಡಂ. ಯಪ್ಪಾ, ನೀ ಹೊರಗ ಕುಂದರು."

ಹಿರಿಯರ ವಿಭಾಗಕ್ಕೆ ತಾಲೀಮು ಶುರುವಾಯಿತು. ಸಂಜೆ ಫಕೀರಪ್ಪ ಮಗಳ ಕೋಣೆಯ ಹೊರಗೆ ಕಿವಿಗೊಟ್ಟು ಕೂತ. ಒಳಗಿನಿಂದ ಒಂದು ಹುಂ ಕೂಡ ಬರಲಿಲ್ಲ. ಎದ್ದು ಹೋಗಿ ನೋಡಿದರೆ, ನೀಲವ್ವ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಟವೆಲನ್ನು ಗಡಬಡಿಸಿ ಹೆಗಲಿಗೆ ಹಾಕಿಕೊಂಡಳು.

"ನೋಯಾಕತ್ತೈತೇನವ್ವಾ?"

"ಇಲ್ಲಪಾ. ಆ ಮಣಿ ಇದ್ದಾಗ ಹೆಂಗಿತ್ತೋ ಹಂಗ ಐತಿ."

ನಕ್ಕು, ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು; ತೋಳು ಅದಕ್ಕಿಂತ ಮೇಲೇಳಲಿಲ್ಲ. ಪೈಲ್ವಾನರ ಮೈ ಓದುವುದರಲ್ಲೇ ಫಕೀರಪ್ಪನ ಆಯುಷ್ಯ ಕಳೆದಿತ್ತು.

"ಭಾಳ ಚಲೋ ಆತು ಬಿಡವ್ವಾ," ಎಂದವನೇ, ಅವಳು ನೀರು ಕುಡಿದು ಮುಗಿಸುವವರೆಗೂ ಗೋಡೆಯ ಕಡೆ ಮುಖ ಮಾಡಿ ನಿಂತ.