ಎರಡು ತುಂಡಾದ ಜಮಖಾನ

ನಟ್ಟನಡುವೆ ಕತ್ತರಿಸಿದ ಜಮಖಾನ ಎರಡು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲೇ ಕತ್ತರಿ.

ಬೆಳಿಗ್ಗೆ ಎಂಟು ಗಂಟೆ. ನವಲಗುಂದದ ಹಳೆಯ ಹತ್ತಿ ಜಿನ್ನಿನ ಶೆಡ್ಡು. ಈಗ ಅದು ಯುವ ಕಲಾವಿದರಿಗೆ ನೆರವಾಗುವ 'ನಡುಮನೆ ರಂಗ ಟ್ರಸ್ಟ್'ನ ತಾಲೀಮಿನ ಜಾಗ. ಬಾಗಿಲು ತೆರೆದವಳು ದುರ್ಗಾ. ನೇಕಾರ್ತಿ ಜುಲೇಖಾಬಿಯ ಬಳಿ ಕಲಿಯುತ್ತ ಆರು ತಿಂಗಳು ಕೂತು ನೇಯ್ದ ಜಮಖಾನ. ಅವಳ ಏಕವ್ಯಕ್ತಿ ಪ್ರಯೋಗ ನಡೆಯಬೇಕಾದದ್ದು ಅದರ ಮೇಲೆಯೇ. ಹನ್ನೊಂದಕ್ಕೆ ಆಯ್ಕೆ ಸಮಿತಿ ಬರಲಿತ್ತು. ಮೆಚ್ಚಿದರೆ ಎರಡು ವರ್ಷದ ಫೆಲೋಶಿಪ್. ಇಲ್ಲದಿದ್ದರೆ ಮತ್ತೆ ಹುಬ್ಬಳ್ಳಿಯ ಸೀರೆ ಅಂಗಡಿ.

ಜೊತೆಗಿದ್ದ ಟ್ರಸ್ಟಿನ ಅಧ್ಯಕ್ಷ ಸಂಗನಬಸವ ಯಾರೂ ಏನೂ ಮುಟ್ಟುವ ಮೊದಲೇ ಫೋಟೊ ತೆಗೆದ. ನಂತರ ಠಾಣೆಗೆ ಫೋನು ಮಾಡಿದ.

ಎಎಸ್‌ಐ ಅನ್ನವ್ವ ಬಂದಾಗ ಟ್ರಸ್ಟಿನ ತರಬೇತುದಾರ ಸುಭಾಸ ಬಾಗಿಲ ಹೊರಗೆ ಚಹಾ ಕುಡಿಯುತ್ತಿದ್ದ.

"ಆ ನೇಕಾರ್ತಿ ಜುಲೇಖಾಬೀದ ಕೆಲಸ, ಮೇಡಂ. ಕತ್ರಿ ಆಕೀದ. ಹೊರಗಿನವರಿಗೆ ಕಲಿಸಿದ್ದಕ್ಕ ಮನಿ ಮಂದಿ ಬೈದ್ರು, ಈಗ ಇದು. ಅಂಥವರಿಗೆ ಕಲಾ ಅಂದ್ರ ಏನ್ ಗೊತ್ರಿ?"

"ನೀವು ಒಳಗ ಹೋಗಿದ್ರೇನು?"

"ಇಲ್ರಿ. ನಿನ್ನೆಯೆಲ್ಲಾ ಧಾರವಾಡದಾಗಿದ್ದೆ. ಈಗ ಬಸ್ಸಿಳದೀನಿ."

*

ಅನ್ನವ್ವ ಮನೆಗೆ ಬಂದಾಗಲೂ ಜುಲೇಖಾಬಿ ಮಗ್ಗದಿಂದ ಏಳಲಿಲ್ಲ.

"ಬೈದಾರ್ರಿ. ನಮ್ಮ ಮನ್ಯಾಗ ಕಸಬು ಸೊಸೀಗಿ ಅಷ್ಟ. ಮಗಳಿಗೂ ಕಲಿಸೂದಿಲ್ಲ, ಲಗ್ನಾಗಿ ಬ್ಯಾರೆ ಮನಿಗೆ ಒಯ್ತಾಳಂತ. ಹೋದ ವಾರ ಕತ್ರಿ ಶೆಡ್ಡಿನಾಗ ಮರತು ಬಂದೆ. ಆ ಜಮಖಾನದಾಗ ಅರ್ಧ ನನ್ನ ಕೈದು. ನನ್ನ ಕೈ ನಾನ ಕಡಕೊಳ್ಲೇನ್ರಿ?"

*

ಅನ್ನವ್ವ ಶೆಡ್ಡಿಗೆ ಮರಳಿ ಬಂದು ಸಂಗನಬಸವ ತೆಗೆದ ಫೋಟೊಗಳನ್ನು ನೋಡಿದಳು. ಒಂದರ ಮೇಲೆ ಬೆರಳಿಟ್ಟಳು. ಗೋಡೆಯ ಮೊಳೆಗೆ ಅಚ್ಚುಕಟ್ಟಾಗಿ ಸುತ್ತಿದ ದೀಪದ ವಾಯರು ನೇತಾಡುತ್ತಿತ್ತು.

"ದುರ್ಗಾ, ನಿನ್ನಿ ಸಂಜಿಗೆ ಈ ವಾಯರು ಎಲ್ಲಿತ್ತವಾ?"

"ಜಮಖಾನದ ಮ್ಯಾಲ್ರಿ, ಲೈಟ್ ಸ್ಟ್ಯಾಂಡ್ ಜೋಡಿ. ಹಂಗ ಬಿಟ್ಟು ಬೀಗ ಹಾಕಿ ಹೋದೆ. ಕೀಲಿ ಕಿಟಕಿ ಮ್ಯಾಲ ಇರ್ತೈತಿ, ಎಲ್ಲಾರಿಗೂ ಗೊತ್ತು."

ಅನ್ನವ್ವ ವಾಯರು ಬಿಚ್ಚಿ ನೆಲಕ್ಕೆ ಹರಡಿದಳು. "ಒಬ್ಬೊಬ್ಬರ ಸುತ್ರಿ ನೋಡೂಣು."

ದುರ್ಗಾ ಅಂಗೈ, ಮೊಣಕೈ ಬಳಸಿ ಸುತ್ತಿದಳು. ಸಂಗನಬಸವ ಸುತ್ತಿದ್ದು ಗೋಜಲಾಯಿತು. ಸುಭಾಸನಿಗೆ ತಡೆಯಲಾಗಲಿಲ್ಲ.

"ಥೂ! ಹಗ್ಗ ಸುತ್ತಿದಂಗ ಸುತ್ತತೀರಲ್ಲ! ಎರಡು ವರ್ಷ ಬಡಕೊಂಡ್ರೂ ಒಬ್ಬರಿಗೂ ಬರವಲ್ದು!"

ಕಸಿದುಕೊಂಡು ಸುತ್ತಿದ. ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿನಿಂದ ತಿರುಗಿಸಿ. ವಾಯರು ರೊಟ್ಟಿಯಂತೆ ಚಪ್ಪಟೆಯಾಗಿ ಕೂತಿತು. ತುದಿಗೆ ಬಟ್ಟೆಯ ಪಟ್ಟಿ ಕಟ್ಟಿದ.

"ನಿಮಗೊಬ್ಬರಿಗೆ ಬರ್ತೈತೇನು?"

"ಈ ತಾಲೂಕಿನಾಗ ನನಗೊಬ್ಬನಿಗೆ."

ಅನ್ನವ್ವ ಫೋಟೊ ಅವನ ಮುಖಕ್ಕೆ ಹಿಡಿದಳು. ಅದೇ ಸುತ್ತು, ಅದೇ ಗಂಟು.

"ನಡುವ ಕತ್ತರಿಸಬೇಕಂದ್ರ ದೀಪ ಎತ್ತಬೇಕು. ಸಿಟ್ಟಿಗೆದ್ದ ನೇಕಾರ್ತಿ ವಾಯರು ಜಗ್ಗಿ ಒಗೀತಿದ್ದಳು. ನೀವು ಕಳ್ಳರಂಗ ಬಂದಲ್ಲೂ ಶಿಸ್ತು ಬಿಡಲಿಲ್ಲ. ಧಾರವಾಡದಾಗ ಕೂತು ಇಲ್ಲಿ ವಾಯರು ಸುತ್ತಾಕ ಆಗತೈತೇನು?"

ಸುಭಾಸ ಫೋಟೊ ದೂರ ತಳ್ಳಿದ. ಆಯ್ಕೆ ಸಮಿತಿಯ ಮುಂದೆ ಅವನ 'ಖಾಲಿ ದೇಹ' ಪ್ರಯೋಗವೇ ಆಗಬೇಕಿತ್ತು. ಒಂದು ತಾಸು ಅವನು ಗೋಡೆ ನೋಡುತ್ತ ನಿಲ್ಲುವ ಪ್ರಯೋಗ. ಊರಲ್ಲಿ ಆಡಿದಾಗ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ನಿದ್ದೆ ಹೋಗಿದ್ದರು. ಸಂಗನಬಸವ ಅದನ್ನು ಕೈಬಿಟ್ಟು ದುರ್ಗಾಳದ್ದನ್ನು ಇಟ್ಟಿದ್ದ.

"ಹಾಸಿಗಿ ಮ್ಯಾಲ ಕೂತು ಅಜ್ಜಿ ಕಥಿ ಹೇಳೂದು ಸಮಕಾಲೀನ ಏನ್ರಿ?" ಸುಭಾಸ ಕಿರುಚಿದ. "ಹರದೀನಿ! ಅದಕ್ಕ ಅಷ್ಟ ಲಾಯಕ್ಕು ಅದು!"

"ನಡೀರಿ," ಎಂದಳು ಅನ್ನವ್ವ. "ಠಾಣೆದಾಗೂ ಗೋಡೆ ಅದಾವ."

*

ಹನ್ನೊಂದಕ್ಕೆ ದುರ್ಗಾ ಎರಡೂ ತುಂಡು ಹಾಸಿದಳು. ನಡುವೆ ಒಂದು ಮೊಳ ಜಾಗ. ಒಂದರ ಮೇಲೆ ಕಸಬು ಸಿಗದ ಮಗಳು, ಇನ್ನೊಂದರ ಮೇಲೆ ಕಲಿತ ಸೊಸೆ. ಜಿಗಿದು ಜಿಗಿದು ಇಬ್ಬರನ್ನೂ ಆಡಿದಳು. ಹಿಂದೆ ನಿಂತಿದ್ದ ಜುಲೇಖಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಮಿತಿಯ ಹಿರಿಯರು ಎದ್ದು ನಿಂತರು. "ಫೆಲೋಶಿಪ್ ನಿನ್ನದೇ ಅಮ್ಮಾ. ಆ ಸೀಳು ಮಾತ್ರ ಅದ್ಭುತ ಕಲ್ಪನೆ. ಯಾರದು?"

"ಸುಭಾಸ ಸರ್‌ದು," ಎಂದಳು ದುರ್ಗಾ.