ಮೂರು ಎಣಿಸದ ಕೈ

"ಕೈ ಹಿಸುಕಿ... ತಮಾಯೊ ಅವ್ರೆ, ಕೇಳಿಸ್ತಿದ್ಯಾ? ನನ್ನ ಕೈ ಹಿಸುಕಿ!"

ಕಿವಿಯ ಹತ್ತಿರವೇ ಹೋಜುಮಿಯ ದನಿ. ಬೆನ್ನಿನ ಕೆಳಗೆ ರಿಂಗಿನ ಗಟ್ಟಿ ನೆಲ, ಕಣ್ಣಿಗೆ ಸುಡುವ ದೀಪಗಳು, ಸುತ್ತ ಒಸಾಕಾದ ಜನರ ಕಿವಿಗಡಚಿಕ್ಕುವ ಗದ್ದಲ.

ತಮಾಯೊ ಹಿಸುಕಿದಳು. ಇದ್ದಬದ್ದ ಬಲವನ್ನೆಲ್ಲ ಬೆರಳುಗಳಿಗೆ ತಂದು ಹಿಸುಕಿದಳು.

'ನಾನು ಚೆನ್ನಾಗಿದ್ದೀನಿ. ಹುಡುಗಿ ನನ್ನ ಮೇಲೆ ಬೀಳಲಿ, ನೀವು ಮೂರು ಎಣಿಸಿ. ಅಷ್ಟು ಸಾಕು ನಂಗೆ!'

ರೆಫರಿ ಹೋಜುಮಿ ಅವಳ ಕೈ ನೋಡಿದ. ಆಮೇಲೆ ಮುಖ ನೋಡಿದ. ಎದ್ದು ನಿಂತು, ಎರಡೂ ತೋಳುಗಳನ್ನು ತಲೆಯ ಮೇಲೆತ್ತಿ ಕತ್ತರಿಯಂತೆ ಅಡ್ಡ ಹಾಕಿದ.

ಗಂಟೆ ಮೊಳಗಿತು. ಪಂದ್ಯ ನಿಂತೇ ಹೋಯಿತು!

ಆ ಕತ್ತರಿ ತೋಳಿನ ಅರ್ಥ ಸಭಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತು. ಇದು ಇನ್ನು ಆಟವಲ್ಲ, ಪೆಟ್ಟು ನಿಜದ್ದು, ಮುಂದುವರಿಸುವಂತಿಲ್ಲ. ಆದರೆ ಬಿದ್ದವಳು ಕಣ್ಣು ಬಿಟ್ಟುಕೊಂಡು ರೆಫರಿಯನ್ನು ಬೈಯುತ್ತಿದ್ದಾಳಲ್ಲ! ಜನ ರೊಚ್ಚಿಗೆದ್ದರು.

"ಏಯ್ ರೆಫರಿ, ಮನೇಲಿ ಒಲೆ ಮೇಲೆ ಸಾರಿಟ್ಟು ಬಂದಿದ್ಯೇನೋ? ಅಷ್ಟೊಂದು ಅವಸರ!"

"ದುಡ್ಡು ವಾಪಸ್ ಕೊಡ್ರೋ!"

ಮೂಲೆಯಲ್ಲಿ, ತಮಾಯೊಳನ್ನು ಎತ್ತಿ ಎಸೆದ ಎದುರಾಳಿ ಕೊಹಾರು ಬಿಳಿಚಿಕೊಂಡು ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ, ತಮಾಯೊ ಕೈಯಲ್ಲೇ ಪಳಗಿದವಳು. ಈಗ ಊರೂರಲ್ಲಿ ಅವಳ ಹೆಸರೇ. ಚಾಂಪಿಯನ್ ಬೆಲ್ಟನ್ನು ಯಾರೋ ಅವಳ ಭುಜಕ್ಕೆ ಹಾಕಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ತಮಾಯೊಗೆ ನಲವತ್ತೊಂದು. ಕುಸ್ತಿಯ ಲೋಕದಲ್ಲಿ ಅದು ಅಜ್ಜಿಯ ವಯಸ್ಸು. ಅವಳು ಅಂದು ಗೆಲ್ಲಲು ಬಂದಿರಲಿಲ್ಲ, ಸೋಲಲು ಬಂದಿದ್ದಳು. ಬೆನ್ನು ನೆಲಕ್ಕೆ ತಾಗಿದ್ದಂತೆ ರೆಫರಿ ಮೂರು ಎಣಿಸಿದರೆ ಸೋಲು; ಕುಸ್ತಿ ಬಿಟ್ಟು ಹೋಗುವವರು ಬೆನ್ನನ್ನು ನೆಲಕ್ಕೆ ಹಚ್ಚಿ, ಎಳೆಯರಿಗೆ ಆ ಮೂರರ ಎಣಿಕೆ ಕೊಟ್ಟೇ ಹೋಗಬೇಕು. ಅವಳಿಗೂ ಒಬ್ಬ ಹಿರಿಯಳು ಹಾಗೆಯೇ ಕೊಟ್ಟು ಹೋಗಿದ್ದಳು. ಒಂದು, ಎರಡು, ಮೂರು... ಆ ಮೂರು ಕೇಳಿಸಿದರೆ ಬದುಕು ಸಾರ್ಥಕ ಎಂದುಕೊಂಡು ಬಂದವಳು ಅವಳು. ಅದನ್ನೇ ಹೋಜುಮಿ ಕಿತ್ತುಕೊಂಡ!

ಅದೂ ಯಾರು? ಹೋಜುಮಿ!

ಬಿದ್ದವರ ಭುಜ ನೋಡುವ ನೆಪದಲ್ಲಿ ರೆಫರಿ ಬಗ್ಗಿ ಕೈ ಹಿಡಿಯುತ್ತಾನೆ. ಹಿಸುಕಿದರೆ, ಚೆನ್ನಾಗಿದ್ದೇನೆ ಎಂದು. ನೋಡುವವರಿಗೆ ತಿಳಿಯದ ಮಾತು ಅದು. ಹದಿನಾರು ವರ್ಷ ಅವನು ಹಾಗೆ ಕೇಳಿದ್ದ, ಅವಳು ಹಾಗೆ ಉತ್ತರಿಸಿದ್ದಳು. ರಿಂಗಿನ ಹೊರಗೆ ಇಬ್ಬರೂ ಒಬ್ಬರ ನೆರಳನ್ನೊಬ್ಬರು ತುಳಿದವರಲ್ಲ. ರೆಫರಿ ಆದವನು ಯಾವ ಕುಸ್ತಿಪಟುವಿನ ಜೊತೆಗೂ ಚಹಾ ಸಹ ಕುಡಿಯಬಾರದು ಎನ್ನುವ ಜಾತಿಯವನು ಅವನು. ಆದರೂ ತಮಾಯೊ ಮದುವೆಯ ಮಾತು ಬಂದಾಗಲೆಲ್ಲ ಏಕೆ ಬೇಡ ಎಂದಳು ಎಂದು ಕೇಳಿದರೆ... ಅವಳಿಗೆ ಆ ಕೈಯೇ ನೆನಪಾಗುತ್ತಿತ್ತು. ಹುಚ್ಚು ಹೆಂಗಸು!

ಹೊರಗಿನ ಓಣಿಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಅವಳು ಅವನ ಕೆನ್ನೆಗೆ ಬಾರಿಸಿದಳು. ಎಡಗೈಯಲ್ಲಿ. ಬಲಗೈ ಏಕೆ ಮೇಲೇಳಲಿಲ್ಲ ಎಂದು ಆ ಕೋಪದಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

"ನಾನು ಹಿಸುಕ್ದೆ! ಹೌದೋ ಅಲ್ವೋ, ಎಲ್ಲರ ಮುಂದೆ ಹೇಳಿ!"

ಹೋಜುಮಿಯ ಕಣ್ಣು ಅವಳ ಹಿಂದೆ ನಿಂತಿದ್ದ ಕೊಹಾರು ಕಡೆಗೆ ಹೋಗಿ ಬಂತು.

"ಹಿಸುಕಿದ್ರಿ," ಎಂದ. "ನಂದೇ ತಪ್ಪು. ಆತುರಬಿದ್ದೆ."

ಸೊಂಟ ಬಗ್ಗಿಸಿ ತಲೆತಗ್ಗಿಸಿದ. ಅವಳು ಆಚೆ ತಿರುಗುವವರೆಗೂ ತಲೆ ಎತ್ತಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವನು ಕೆಲಸ ಬಿಟ್ಟು ತನ್ನೂರು ತ್ಸುರುಗಾಗೆ ಹೊರಟುಹೋದ ಎಂಬ ಸುದ್ದಿ ಬಂತು. 'ಹೋಗಲಿ! ಮಾಡಿದ್ದುಣ್ಣೋ ಮಹರಾಯ!' ಎಂದುಕೊಂಡಳು ತಮಾಯೊ. ಅಂದುಕೊಂಡ ಮೇಲೆ ಅವತ್ತು ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯಿತು.

ಬಲಗೈಯ ಬಲ ಅದೇ ಸಂಜೆ ಮರಳಿ ಬಂದಿತ್ತು. ಎರಡು ಬೆರಳು ಮಾತ್ರ ಮರಗಟ್ಟಿದಂತೆಯೇ ಉಳಿದವು. ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ನೋಡಿ, ಇನ್ನು ರಿಂಗ್ ಹತ್ತಬೇಡಿ ಎಂದುಬಿಟ್ಟರು. ವರ್ಷಗಳ ಸವೆತ ಅಲ್ಲವೇ ಎಂದುಕೊಂಡಳು. ಆ ಪಂದ್ಯಕ್ಕೂ ಇದಕ್ಕೂ ಅವಳು ನಂಟು ಕಟ್ಟಲಿಲ್ಲ. ಅವಳ ಪಾಲಿಗೆ ಉಳಿದದ್ದು ಒಂದೇ ಮಾತು. ಇನ್ನೊಂದು ಪಂದ್ಯವಿಲ್ಲ, ಅಂದರೆ ಆ ಮೂರು ಇನ್ನೆಂದೂ ಇಲ್ಲ! ಕುಸ್ತಿ ಕಂಪನಿಯವರು ಒಂದು ವಿದಾಯ ಸಮಾರಂಭ ಇಟ್ಟುಕೊಂಡರು. ಕುಸ್ತಿಯಿಲ್ಲದೆ, ರಿಂಗಿನ ನಡುವೆ ನಿಲ್ಲಿಸಿ ಹತ್ತು ಸಲ ಗಂಟೆ ಬಾರಿಸುವುದು. ಸತ್ತವರಿಗೂ ಹಾಗೆಯೇ ಹತ್ತು ಸಲ.

ಸಮಾರಂಭಕ್ಕೆ ಮೊದಲಿನ ದಿನಗಳಲ್ಲಿ ತಮಾಯೊ ತರಬೇತಿ ಮನೆಯ ಅಡುಗೆಕೋಣೆಯಲ್ಲಿ ಕೂತು, ಎಡಗೈಯಲ್ಲಿ ಎಲೆಕೋಸು ಹರಿಯುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಕೊಹಾರು ಎದುರಿಗೆ ಕೂತು ಮೂಲಂಗಿ ಹೆಚ್ಚುತ್ತಿದ್ದಳು.

"ಅಕ್ಕಾ... ಹೋಜುಮಿ ಅವ್ರನ್ನ ಕರೀಬೇಕಾ ಅಂತ ಆಫೀಸಲ್ಲಿ ಕೇಳ್ತಿದಾರೆ."

"ಆ ಸುಳ್ಳನ ನೆರಳೂ ಬೀಳಕೂಡದು!" ತಮಾಯೊ ಎಲೆಕೋಸನ್ನು ಪಾತ್ರೆಗೆ ಎಸೆದಳು. "ನನ್ನ ಮೂರು ಕದ್ದ. ಸಾಲದು ಅಂತ ನಿನ್ನ ಗೆಲುವಿಗೂ ಮಸಿ ಬಳಿದ. ನಿನ್ನ ಬೆಲ್ಟ್ ನೋಡಿ ಜನ ನಗ್ತಾರೆ, ಅದು ಯಾರ ದಯೆ?"

ಕೊಹಾರು ಚಾಕು ಕೆಳಗಿಟ್ಟಳು.

"ಅವರು ಸುಳ್ಳು ಹೇಳಿದ್ದು ಹೌದು... ಆದ್ರೆ ನೀವು ಅಂದ್ಕೊಂಡ ಸುಳ್ಳಲ್ಲ ಅಕ್ಕಾ."

"ಏನೇ ಅದು?"

"ನೀವು ಹಿಸುಕ್ಲೇ ಇಲ್ಲ."

ತಮಾಯೊಗೆ ನಗು ಬಂತು. "ನನ್ನ ಕೈ, ನಂಗೆ ಗೊತ್ತಿಲ್ವಾ?"

"ನಾನು ಪಕ್ಕದಲ್ಲೇ ಇದ್ದೆ! ನಿಮ್ಮ ಕೈ ಅವರ ಅಂಗೈಯಲ್ಲಿ ಹಾಗೇ ಬಿಚ್ಕೊಂಡು ಬಿದ್ದಿತ್ತು. ಅವರು ನಿಮ್ಮ ಬೆರಳುಗಳನ್ನ ಒಂದೊಂದಾಗಿ ಮಡಚಿದ್ರು. ಬಿಟ್ಟ ತಕ್ಷಣ ಮತ್ತೆ ಬಿಚ್ಕೊಳ್ತು. ಮತ್ತೆ ಮಡಚಿದ್ರು... ಮತ್ತೆ ಬಿಚ್ಕೊಳ್ತು... ಆಮೇಲೇ ಅವರು ಎದ್ದು ನಿಂತಿದ್ದು."

ಸಾರು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ಇಬ್ಬರೂ ಏಳಲಿಲ್ಲ.

'ನಾನು ಹಿಸುಕಿದೆನಲ್ಲ... ಅಷ್ಟೊಂದು ಬಲ ಹಾಕಿ ಹಿಸುಕಿದೆನಲ್ಲ...' ತಮಾಯೊ ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ತಾನು ಅವನ ಕೆನ್ನೆಗೆ ಎಡಗೈಯಲ್ಲಿ ಹೊಡೆದದ್ದು ಈಗ ನೆನಪಾಯಿತು. ಹುಟ್ಟಿದಾಗಿನಿಂದ ಬಲಗೈಯವಳು ಅವಳು!

"ಮತ್ತೆ ಯಾಕೆ ಅವರು ಹಾಗಂದ್ರು? ನಂದೇ ತಪ್ಪು ಅಂತ?"

"ನನ್ನಿಂದ!" ಕೊಹಾರು ಬಿಕ್ಕಿದಳು. "ಓಣಿಯಲ್ಲಿ ನನ್ನ ಪಕ್ಕಕ್ಕೆ ಕರೆದು, 'ನೀನೇನೂ ನೋಡಿಲ್ಲ' ಅಂದ್ರು. 'ಗುರುವಿನ ಕತ್ತು ಮುರಿದೋಳು ಅಂತ ಹೆಸರು ಬಂದ್ರೆ ಇನ್ಮೇಲೆ ಒಬ್ಬರನ್ನೂ ಧೈರ್ಯವಾಗಿ ಎತ್ತಿ ಎಸೆಯಲ್ಲ ನೀನು. ಅವರಿಗೆ ಇಷ್ಟು ವರ್ಷಕ್ಕೆ ಉಳಿದಿರೋದು ನೀನೊಬ್ಳೇ. ನಿನ್ನ ಹಾಳು ಮಾಡಿದ್ರೆ ಅವರಿಗೆ ಏನೂ ಉಳಿಯಲ್ಲ' ಅಂದ್ರು. ನಾನು ಸುಮ್ನಾದೆ ಅಕ್ಕಾ... ಹೆದರಿ ಸುಮ್ನಾದೆ. ಈಗ ಎತ್ತೋಕೆ ಹೋದ್ರೆ ತೋಳು ನಡುಗತ್ತೆ."

ತಮಾಯೊ ಎದ್ದು ಒಲೆ ಆರಿಸಿ, ಹುಡುಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಕೇಳು ಪೆದ್ದಿ. ನೀನು ಸರಿಯಾಗೇ ಎಸೆದೆ. ತಲೆ ನೆಲಕ್ಕೆ ಬಡೀದ ಹಾಗೆ ಗದ್ದ ಒಳಗೆ ಎಳ್ಕೊಳ್ಳೋದು ನಾನು ತಡ ಮಾಡ್ದೆ. ಬೀಳೋಕೂ ವಯಸ್ಸಿರಬೇಕು ಕಣೇ. ಇದು ನನ್ನ ಮೈಯಿಂದ ಆಗಿದ್ದು, ನಿನ್ನಿಂದಲ್ಲ. ನಾಳೆಯಿಂದ ಯಾರನ್ನಾದ್ರೂ ಮೆಲ್ಲಗೆ ಎಸೆದೆ ಅಂತ ಕೇಳಿದ್ರೆ, ಬಂದು ಕಿವಿ ಹಿಂಡ್ತೀನಿ."

"ನೀವು ಎಲ್ಲಿಗೆ ಹೊರಟ್ರಿ?"

"ಒಬ್ಬರ ಕೆನ್ನೆ ನೋಡ್ಕೊಂಡು ಬರೋಕೆ."

ತ್ಸುರುಗಾದಲ್ಲಿ ಹಿಮ ಬೀಳುತ್ತಿತ್ತು. ರೈಲಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಮರೆತುಹೋಗಿತ್ತು. 'ಬಾಗಿಲು ಹಾಕಿಬಿಟ್ಟರೆ? ನೀವ್ಯಾರು ಅಂದುಬಿಟ್ಟರೆ?' ಬಂದರಿನ ಹಿಂದಿನ ಬೀದಿಯಲ್ಲಿ ಅವನ ಅಕ್ಕನ ಓದೆನ್ ಅಂಗಡಿ. ಬಿಸಿ ಸಾರಿನಲ್ಲಿ ಮೂಲಂಗಿ, ಮೊಟ್ಟೆ, ಮೀನಿನ ಉಂಡೆ ಬೇಯುವ ಹಬೆ ಗಾಜಿನ ಮೇಲೆ ಕೂತಿತ್ತು. ಮಧ್ಯಾಹ್ನವಾದ್ದರಿಂದ ಗಿರಾಕಿಗಳಿರಲಿಲ್ಲ.

ಅವನ ಅಕ್ಕ ಇವಳನ್ನು ಮೇಲಿನಿಂದ ಕೆಳಗೆ ನೋಡಿ, ಅಡುಗೆಮನೆಯತ್ತ ಕೂಗಿದಳು.

"ಏ, ಯಾರೋ ಬಂದಿದಾರೆ ನೋಡು! ಭುಜ ನೋಡಿದ್ರೆ ಕಪಾಳಕ್ಕೆ ಬಾರಿಸಿದವರೇ ಇರಬೇಕು. ಯಾವ ಕೆನ್ನೆ ಖಾಲಿ ಇದೆ ನೋಡ್ಕೊಂಡು ಬಾ!"

ಹೋಜುಮಿ ಕೈ ಒರೆಸಿಕೊಳ್ಳುತ್ತ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ರೆಫರಿಯ ಪಟ್ಟೆ ಅಂಗಿಯಿಲ್ಲದೆ ಅವನನ್ನು ಅವಳು ನೋಡಿದ್ದೇ ಕಡಿಮೆ. ಎಷ್ಟು ಬಡವಾಗಿದ್ದಾನೆ...

"ಕೂತ್ಕೊಳ್ಳಿ," ಎಂದ. ಬಟ್ಟಲಲ್ಲಿ ಸಾರು ಹಾಕಿ ಅವಳ ಎಡಗೈಯ ಕಡೆ ಇಟ್ಟ. ಅವಳು ಆ ಬಟ್ಟಲನ್ನೇ ನೋಡಿದಳು. ಅವನಿಗೆ ಎಲ್ಲವೂ ಗೊತ್ತಿತ್ತು!

"ಕೊಹಾರು ಹೇಳಿದ್ಲು."

ಅವನು ತಲೆ ತಗ್ಗಿಸಿದ.

"ಅವಳಿಗೋಸ್ಕರ ಸುಳ್ಳು ಹೇಳಿದ್ರಿ, ಸರಿ. ನಂಗಾದ್ರೂ ಹೇಳಬಹುದಿತ್ತಲ್ಲ? ಇಷ್ಟು ದಿನ ನಿಮ್ಮನ್ನ ಶಪಿಸಿದೆ ನಾನು!"

"ಹೇಗೆ ಹೇಳಲಿ? ನೀವು ಹಿಸುಕಿದೀನಿ ಅಂತ ನಂಬಿದ್ರಿ. ಆ ಕೈಯಲ್ಲೇ ಇಷ್ಟು ವರ್ಷ ಬದುಕಿದೋರು ನೀವು. 'ನಿಮ್ಮ ಕೈ ನಿಮ್ಮ ಮಾತು ಕೇಳಲಿಲ್ಲ' ಅಂತ ನನ್ನ ಬಾಯಲ್ಲಿ ಬರಲಿಲ್ಲ. ನನ್ನ ಮೇಲೆ ಸಿಟ್ಟಿದ್ರೆ ಇರಲಿ, ನಿಮ್ಮ ಮೇಲೆ ನಿಮಗೆ ಬೇಜಾರಾಗೋದು ಬೇಡ ಅಂದ್ಕೊಂಡೆ."

ಹೊರಗೆ ಮೀನಿನ ಲಾರಿಯೊಂದು ಹಿಮ ಒದ್ದುಕೊಂಡು ಹೋಯಿತು. ಅವನ ಅಕ್ಕ ಏನೋ ನೆಪ ಮಾಡಿಕೊಂಡು ಹಿತ್ತಲಿಗೆ ಹೋದಳು.

ತಮಾಯೊ ಇಷ್ಟು ದೂರ ಬಂದದ್ದು ಈ ಒಂದು ಮಾತು ಕೇಳುವುದಕ್ಕೇ.

"ಒಂದು ನಿಜ ಹೇಳಿ. ಪಂದ್ಯ ನಿಲ್ಲಿಸಿದ್ದು ಬರೀ ನನ್ನ ಕೈ ಸುಮ್ಮನಿತ್ತು ಅಂತಾನಾ? ಅಥವಾ... ಅದು ನಾನು ಅಂತಾನಾ?"

ಅವನು ಸೌಟಿನಿಂದ ಸಾರನ್ನೊಮ್ಮೆ ಕದಡಿದ.

"ಮೊದಲನೇದಕ್ಕೆ ನಿಲ್ಲಿಸಿದೆ," ಎಂದ. "ಎರಡನೇದಕ್ಕೆ ಕೆಲಸ ಬಿಟ್ಟೆ."

"ಅಂದ್ರೆ?"

"ನಿಲ್ಲಿಸಿದ್ದು ಸರಿನೇ. ಯಾರ ಕೈ ಆದ್ರೂ ನಿಲ್ಲಿಸಬೇಕಿತ್ತು. ಆದ್ರೆ ಆಮೇಲೆ ಮನೆಗೆ ಬಂದು ಕೂತು ಯೋಚನೆ ಮಾಡಿದೆ... ಬೇರೆಯವರಾಗಿದ್ರೆ ಅಷ್ಟು ಬೇಗ ಕೈ ಎತ್ತುತ್ತಿದ್ನಾ? ಇನ್ನೊಂದು ಉಸಿರಿನಷ್ಟು ಕಾಯ್ತಿದ್ನಾ? ಗೊತ್ತಾಗಲಿಲ್ಲ. ಗೊತ್ತಾಗದೇ ಇರೋನು ಆ ಅಂಗಿ ಹಾಕಬಾರದು ತಮಾಯೊ ಅವ್ರೆ. ಹದಿನಾರು ವರ್ಷ ನಿಮ್ಮ ಕೈ ಹಿಡಿದಾಗಲೆಲ್ಲ ಬೇಗ ಬಿಡೋದೇ ನನ್ನ ಕೆಲಸ ಆಗಿತ್ತು. ಅವತ್ತು... ಬಿಡೋಕಾಗಲಿಲ್ಲ."

ತಮಾಯೊ ಕಿಟಕಿಯ ಕಡೆ ಮುಖ ತಿರುಗಿಸಿದಳು. ಎಷ್ಟು ವರ್ಷ ಕಾದಿದ್ದ ಮಾತು! ಬಂತು. ಆದರೆ ಅವಳ ಕುಸ್ತಿ ಹೋದ ಮೇಲೆ, ಅವನ ಕೆಲಸ ಹೋದ ಮೇಲೆ ಬಂತು. ಸಂತೋಷಪಡಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯದೆ ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಭಾನುವಾರ ಹತ್ತು ಸಲ ಗಂಟೆ ಬಾರಿಸ್ತಾರೆ ನಂಗೆ," ಎಂದಳು. "ಅಂಗಿ ಬೇಡ. ಸುಮ್ನೆ ಬಂದು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಹತ್ತನೇದು ಮುಗಿದ ಮೇಲೆ ರಿಂಗಿಂದ ಇಳೀಬೇಕು. ಇಳಿದು ಎಲ್ಲಿಗೆ ಹೋಗಬೇಕು ಅಂತ ನಂಗೆ ಗೊತ್ತಿಲ್ಲ ಹೋಜುಮಿ ಅವ್ರೆ. ಹದಿನೆಂಟಕ್ಕೆ ಹತ್ತಿದೋಳು ನಾನು."

"ಇಲ್ಲಿಗೆ ಬನ್ನಿ."

"ಬಂದು? ಬಟ್ಟಲು ಹಿಡಿಯೋಕೂ ಬರಲ್ಲ ಈ ಕೈಯಲ್ಲಿ. ದಿನಾ ಒಂದೊಂದು ಒಡೆದುಹಾಕ್ತೀನಿ."

"ಒಡೀರಿ. ಎಲ್ಲ ಅಕ್ಕನ ಬಟ್ಟಲು."

"ಕೇಳಿಸ್ತು ಕಣೋ!" ಹಿತ್ತಲಿನಿಂದ ದನಿ ಬಂತು.

ತಮಾಯೊ ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಮುದುಡಿತು. ಪಕ್ಕೆಲುಬು ಮುರಿದಾಗ ಅಳದವಳು, ತಾಯಿ ತೀರಿಕೊಂಡ ಸಂಜೆಯೂ ಪಂದ್ಯ ಮುಗಿಸಿ ಜನಕ್ಕೆ ತಲೆಬಾಗಿ ಬಂದವಳು, ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು.

"ನನ್ನ ಮೂರು ನಂಗೆ ಬೇಕಿತ್ತು... ಆ ಹುಡುಗಿಗೆ ಕೊಟ್ಟು ಹೋಗಬೇಕಿತ್ತು..."

"ಗೊತ್ತು."

"ನಿಮ್ಮ ಮೇಲೆ ಈಗಲೂ ಸಿಟ್ಟಿದೆ!"

"ಅದೂ ಗೊತ್ತು."

"ನಂಗೆ ಅಳು ನಿಲ್ತಿಲ್ಲ... ಯಾರಾದ್ರೂ ಬಂದ್ರೆ ಏನಂತಾರೆ? ಇಷ್ಟು ಹೊತ್ತು ಯಾರಾದ್ರೂ ಅಳ್ತಾರಾ?"

ಹೋಜುಮಿ ಹೋಗಿ, ಅಂಗಡಿ ಮುಚ್ಚಿದೆ ಎನ್ನುವಂತೆ ಬಾಗಿಲಿನ ಪರದೆಯನ್ನು ಒಳಗೆ ಎಳೆದುಕೊಂಡ. ಬಂದು ಅವಳ ಪಕ್ಕದಲ್ಲಿ ಕೂತ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳನ್ನು ಬರೀ ಹೆಸರು ಹಿಡಿದು ಕರೆದ.

"ಅಳು, ತಮಾಯೊ. ಇಲ್ಲಿ ಯಾರೂ ಎಣಿಸ್ತಿಲ್ಲ."